ದೊಡ್ಡಮನೆ ಸೊಸೆಯೂ ಕ್ವೆರ್ಕಸ್ ಅಕ್ಯುಟಿಸಿಮವೂ

ದರೆಸಿಲ್ ಊರಿನ ಪ್ಯೊ ಮನೆತನದವರ ಎದುರು ಕೂತು ದೇವರಿಲ್ಲ ಎಂದು ಹೇಳಿ ನೋಡಿ, ಕಾಫಿ ಕೊಟ್ಟು ಕಳಿಸುತ್ತಾರೆ. ಊರಮುಂದಿನ ಓಕ್ ಮರದಡಿ ರಾಜ ಕೂತಿರಲಿಲ್ಲ ಎಂದು ಹೇಳಿ ನೋಡಿ, ನಿಮ್ಮ ಚಪ್ಪಲಿ ಎಲ್ಲಿದೆ ಎಂದು ತೋರಿಸುತ್ತಾರೆ.

ಕಥೆ ಇಷ್ಟು. ನಾನೂರು ವರ್ಷದ ಹಿಂದೆ ದೊಡ್ಡ ಯುದ್ಧವಾದಾಗ ರಾಜ ಅರಮನೆ ಬಿಟ್ಟು ಓಡಿದನಂತೆ. ಓಡಿ ಸುಸ್ತಾಗಿ ಈ ಮರದಡಿ ಕೂತನಂತೆ. ಪ್ಯೊ ಮನೆತನದ ಮೂಲಪುರುಷನ ಮನೆಯಲ್ಲಿ ಅವತ್ತು ಅಕ್ಕಿಯ ಕಾಳಿರಲಿಲ್ಲ, ಮುಕ್ ಇತ್ತು. ಮುಕ್ ಎಂದರೆ ಓಕ್ ಕಾಯಿಯ ಹಿಟ್ಟನ್ನು ನೀರಲ್ಲಿ ಕಾಸಿ ಹೆಪ್ಪುಗಟ್ಟಿಸಿದ್ದು. ನೋಡಲು ರಾಗಿ ಹಾಲುಬಾಯಿಯ ತಮ್ಮನ ಹಾಗಿರುತ್ತದೆ. ಬೆಲ್ಲವೂ ಇಲ್ಲ, ತೆಂಗಿನಕಾಯಿಯೂ ಇಲ್ಲ, ಇರುವುದೆಲ್ಲ ಒಗರು ಮತ್ತು ಅಲುಗಾಟ. ಹಸಿದ ರಾಜ ಅದನ್ನೇ ತಿಂದು ಬಾಯಿ ಚಪ್ಪರಿಸಿದ. ಯುದ್ಧ ಮುಗಿದ ಮೇಲೂ ಅರಮನೆಯ ಊಟದ ಮಣೆಗೆ ಅದನ್ನೇ ತರಿಸಿಕೊಂಡ. ಆ ಮರದ ಜಾತಿಗೆ ಸಾಂಗ್ಸುರಿ, ಅಂದರೆ ರಾಜನ ಊಟದ ಮಣೆಗೆ ಏರಿದ್ದು, ಎಂಬ ಹೆಸರು ಬಂದದ್ದು ಹಾಗೆ. ಇದೇ ಕಥೆಯನ್ನು ಆಚೆ ಕಣಿವೆಯವರೂ ಹೇಳುತ್ತಾರೆ, ಅದರಾಚೆಯವರೂ ಹೇಳುತ್ತಾರೆ. ಎಲ್ಲರನ್ನೂ ನಂಬಿದರೆ ರಾಜ ಯುದ್ಧಕ್ಕೆ ಹೆದರಿ ಓಡಿದ್ದಲ್ಲ, ಮುಕ್ ತಿನ್ನುತ್ತ ದೇಶ ಸುತ್ತಲು ಹೊರಟಿದ್ದ ಎನ್ನಬೇಕಾಗುತ್ತದೆ.

ಈ ಮನೆತನದ ದೊಡ್ಡಮನೆಗೆ ಸೊಸೆಯಾಗಿ ಬಂದವಳು ತಾಕ್ ಇಮ್ಸುನ್. ಕಡಲಿನ ಹುಡುಗಿ. ಪೂರ್ವ ಕರಾವಳಿಯ ಬೆಸ್ತರ ಮನೆಯಲ್ಲಿ ಬೊಂಡಾಸ್ ಮೀನು ಸೀಳಿ ಒಣಗಲು ಹಗ್ಗಕ್ಕೆ ಹಾಕುತ್ತ ಬೆಳೆದವಳು. ಓಕ್ ಕಾಯಿಯನ್ನು ಅಳಿಲಿನ ಕೈಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಮದುವೆಯ ಮೊದಲ ಶರತ್ಕಾಲದಲ್ಲೇ ಅತ್ತೆ ಅವಳ ಕೈಗೆ ಬುಟ್ಟಿ ಕೊಟ್ಟು ಮನೆಯ ಕಟ್ಟಳೆ ತಿಳಿಸಿದರು. ಹತ್ತನೆಯ ತಿಂಗಳ ಹುಣ್ಣಿಮೆಗೆ ಬೆಟ್ಟದ ಮೇಲೆ ಪೂರ್ವಿಕರ ಸಮಾಧಿಪೂಜೆ. ಆ ಪೂಜೆಗೆ ಮುಕ್ ಇರಲೇಬೇಕು. ಮುಕ್ ಆ ಮರದ ಕಾಯಿಯದೇ ಆಗಬೇಕು. ಮಾಡುವ ಕೈ ದೊಡ್ಡಮನೆ ಸೊಸೆಯದೇ ಆಗಬೇಕು.

ಕಾಯಿ ಆಯ್ದು, ಒಣಗಿಸಿ, ಸಿಪ್ಪೆ ಬಿಡಿಸಿ, ಅರೆದು, ಒಗರು ಹೋಗುವ ತನಕ ದಿನಗಟ್ಟಲೆ ನೀರು ಬದಲಿಸಿ, ತಳಕ್ಕಿಳಿದ ಹಿಟ್ಟನ್ನು ಒಲೆಯ ಮೇಲಿಟ್ಟು ಒಂದೇ ದಿಕ್ಕಿಗೆ ತಿರುವಬೇಕು. ಕೈ ಸೋತು ದಿಕ್ಕು ಬದಲಿಸಿದರೆ ಅತ್ತೆ ಹಿಂದಿನಿಂದ ಕೆಮ್ಮುತ್ತಿದ್ದರು. ಇಷ್ಟನ್ನೂ ಇಮ್ಸುನ್ ಕಲಿತಳು. ಅವಳಿಗೆ ನುಂಗಲಾಗದೆ ಉಳಿದದ್ದು ಒಂದೇ: ಅವಳ ಅವ್ವ ಹುಟ್ಟಿದ್ದೂ ಹತ್ತನೆಯ ತಿಂಗಳ ಹುಣ್ಣಿಮೆಯಂದೇ.

ಮೊದಲ ವರ್ಷ ಹೆದರುತ್ತಲೇ ಕೇಳಿದ್ದಳು. ಅತ್ತೆ ಕಣ್ಣು ಮೇಲೆತ್ತದೆ ಹೇಳಿದ್ದರು, "ನಿಮ್ಮವ್ವ ದಿನಾ ಮೂರು ಹೊತ್ತು ಉಣ್ತಾಳೋ ಇಲ್ವೋ? ನಮ್ಮ ಹಿರೀಕರಿಗೆ ವರ್ಷಕ್ಕೊಂದೇ ಊಟ ಕಣಮ್ಮ. ಅದನ್ನೂ ತಪ್ಪಿಸ್ತೀಯಾ?"

ಸತ್ತವರ ಹಸಿವಿನ ಮುಂದೆ ಬದುಕಿದವರ ಹುಟ್ಟುಹಬ್ಬ ನಿಲ್ಲುವುದುಂಟೇ? ಇಮ್ಸುನ್ ತವರಿಗೆ ಬೇರೆ ದಿನ ಹೋಗಿಬರುತ್ತಿದ್ದಳು, ಹಬ್ಬ ಕಳೆದ ಮೇಲೆ, ಒಂದು ರಾತ್ರಿಯ ಮಟ್ಟಿಗೆ, ನೆಂಟಳ ಹಾಗೆ. ಅವ್ವನ ಹುಟ್ಟುಹಬ್ಬದ ಸಾರು ಮಾತ್ರ ಮದುವೆಯಾದ ಮೇಲೆ ಒಮ್ಮೆಯೂ ಉಂಡಿಲ್ಲ. ಕೂದಲು ಹಣ್ಣಾಯಿತು, ಮಕ್ಕಳು ಮದುವೆಯಾಗಿ ಪಟ್ಟಣ ಸೇರಿದರು, ಅತ್ತೆಯೂ ಹೋಗಿ ಸಮಾಧಿಯ ಸಾಲಿನಲ್ಲಿ ಮಲಗಿ ವರ್ಷಕ್ಕೊಂದು ಊಟದವರಾದರು. ಕಟ್ಟಳೆ ಮಾತ್ರ ಗಟ್ಟಿಮುಟ್ಟಾಗಿತ್ತು.

ಅತ್ತೆ ಹೋದ ಮೇಲೆ ಇಮ್ಸುನ್ ಒಂದು ಕೆಲಸ ಮಾಡಿದಳು. ಮರ ಒಂದು ವರ್ಷ ಕಾಯಿ ಬಿಟ್ಟರೆ ಮುಂದಿನ ವರ್ಷ ಮುಖ ತಿರುಗಿಸುತ್ತಿತ್ತು. ಬಿಟ್ಟದ್ದರಲ್ಲಿ ಅಳಿಲಿನದೇ ಸಿಂಹಪಾಲು. ಮೊಣಕಾಲು ಬೇರೆ ಕೈಕೊಟ್ಟಿತ್ತು. ಅವಳು ಸಂತೆಯಿಂದ ಚೀನಾದ ಓಕ್ ಕಾಯಿಯ ಪುಡಿ ತಂದು ಮುಕ್ ಮಾಡತೊಡಗಿದಳು. ಮೊದಲ ಸಲ ತಟ್ಟೆಯನ್ನು ಸಾಲಿನ ಕೊನೆಗಿಟ್ಟು ಹಿಂದೆ ಸರಿದಿದ್ದಳು. ಮನೆತನದ ಸಂಘದ ಅಧ್ಯಕ್ಷರು, ಅವಳ ಚಿಕ್ಕಮಾವ ಪ್ಯೊ ಬ್ಯೊಂಗ್ಟೆ, ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿ, "ಆಹಾ! ಈ ಒಗರು ನಮ್ಮ ಮರಕ್ಕೆ ಮಾತ್ರ ಸಾಧ್ಯ. ಸಂತೆ ಮುಕ್ಕಿಗೆ ಎಲ್ಲಿಂದ ಬರಬೇಕು?" ಎಂದರು. ಮುಂದಿನ ವರ್ಷದಿಂದ ಅವಳು ತಟ್ಟೆಯನ್ನು ಸಾಲಿನ ನಡುವಿಗೇ ಇಟ್ಟಳು.

ಬ್ಯೊಂಗ್ಟೆಯವರು ನಿವೃತ್ತ ಹೆಡ್‌ಮೇಷ್ಟ್ರು. ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ. ಊರಿನವರೆಲ್ಲ ಇನ್ನೂ ನಾಲ್ಕನೇ ಕ್ಲಾಸಿನಲ್ಲೇ ಇದ್ದಾರೆಂಬುದು ಅವರ ಭಾವನೆ. ಈ ವರ್ಷ ಅವರಿಗೆ ಮರವನ್ನು ಸರ್ಕಾರದ ಸಂರಕ್ಷಿತ ಮರಗಳ ಸಾಲಿಗೆ ಸೇರಿಸುವ ಹುಚ್ಚು ಹಿಡಿಯಿತು. ಅದಕ್ಕಾಗಿ ಓದುತ್ತ ಕೂತಾಗ ಸಾಂಗ್ಸುರಿಗೆ ಒಂದು ಶಾಸ್ತ್ರೀಯ ಹೆಸರಿದೆ ಎಂಬುದು ಗೊತ್ತಾಯಿತು: ಕ್ವೆರ್ಕಸ್ ಅಕ್ಯುಟಿಸಿಮ. ಅವತ್ತಿನಿಂದ ಅವರ ಬಾಯಲ್ಲಿ ಅದೇ ಜಪ. ಸಲೂನಿನಲ್ಲಿ ಅಕ್ಯುಟಿಸಿಮ, ಬಸ್ ಸ್ಟಾಪಿನಲ್ಲಿ ಅಕ್ಯುಟಿಸಿಮ. ಹಲ್ಲಿನ ಸೆಟ್ಟು ಸಡಿಲವಾಗಿದ್ದರಿಂದ ಆ ಹೆಸರು ಹೇಳುವಾಗ ಎದುರಿಗಿದ್ದವರು ಅರ್ಧ ಹೆಜ್ಜೆ ಹಿಂದೆ ಸರಿಯುವುದು ರೂಢಿಯಾಯಿತು.

ಆದರೆ ಹೆಸರಿನ ಬಾಲದಲ್ಲಿ ಇನ್ನೊಂದು ಹೆಸರಿತ್ತು. ಮೊದಲು ಆ ಮರವನ್ನು ವರ್ಣಿಸಿ ಬರೆದ ಪರದೇಶದವನದು. ಇದನ್ನು ಬ್ಯೊಂಗ್ಟೆಯವರಿಗೆ ತಡೆದುಕೊಳ್ಳಲಾಗಲಿಲ್ಲ.

"ರಾಜನಿಗೆ ಮುಕ್ ಕೊಟ್ಟೋರು ನಾವು. ಇವನ್ಯಾವನಯ್ಯ ಮಧ್ಯೆ?" ಎಂದು ಸಂಘದ ಸಭೆಯಲ್ಲಿ ಗುಡುಗಿದರು. "ಯಾವ ಊರೋನು? ಯಾವ ಮನೆತನ? ನಮ್ಮ ಬೆಟ್ಟ ಒಂದು ದಿನ ಹತ್ತಿದ್ದಾನಾ?"

ಹತ್ತಿಲ್ಲ ಎಂದು ಸಭೆ ಒಪ್ಪಿತು. ಹದಿನೈದು ದಿನದೊಳಗೆ ಮರದ ಪಕ್ಕದಲ್ಲಿ ಎಮ್ಮೆಯಷ್ಟು ದೊಡ್ಡ ಕಲ್ಲು ಬಂದು ಕೂತಿತು. ಅದರ ಮೇಲೆ ಆಳವಾಗಿ ಕೆತ್ತಿಸಿದ್ದರು: ಕ್ವೆರ್ಕಸ್ ಅಕ್ಯುಟಿಸಿಮ ಪ್ಯೊ.

ಅದೇ ದಿನಗಳಲ್ಲಿ ಇಮ್ಸುನ್‌ಗೆ ತಮ್ಮನ ಫೋನು ಬಂತು. "ಅಕ್ಕಾ, ಅವ್ವಂಗೆ ಈ ಹುಣ್ಣಿಮೆಗೆ ತೊಂಬತ್ತು. ಮುಂದಿನ ವರ್ಷ ಬರ್ತೀನಿ ಅನ್ನೋ ಮಾತು ಇನ್ನು ಅವಳ ಹತ್ರ ನಡೆಯಲ್ಲ. ಮೊನ್ನೆಯಿಂದ ದಿನಾ ಕೇಳ್ತಾಳೆ, ಇಮ್ಸುನ್ ಈ ಸಲಾನಾದ್ರೂ ಬರ್ತಾಳಾ ಅಂತ. ನಾನೇನು ಹೇಳ್ಲಿ?"

"ಬರ್ತಾಳೆ ಅನ್ನು," ಎಂದುಬಿಟ್ಟಳು ಇಮ್ಸುನ್. ಫೋನಿಟ್ಟ ಮೇಲೆ ಯೋಚನೆ ಹತ್ತಿತು. ಬೆಟ್ಟದ ಮೇಲೆ ಇಪ್ಪತ್ತು ಸಮಾಧಿ, ಕೆಳಗೆ ನೂರು ಗಂಡಸರು, ಮಧ್ಯೆ ಅವಳೊಬ್ಬಳು. ಎಲ್ಲಿಂದ ಬಿಡಿಸಿಕೊಂಡು ಹೋಗುವುದು?

ದಾರಿ ತೋರಿಸಿದವಳು ಮರದ ಡಾಕ್ಟರಮ್ಮ. ತಾಲ್ಲೂಕು ಕಚೇರಿಯವರು ಮರ ಪರೀಕ್ಷಿಸಲು ಕಳಿಸಿದ್ದ, ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗಿ. ಊರಬಾಗಿಲಲ್ಲಿ ಅವಳನ್ನು ಸ್ವಾಗತಿಸುವ ಬ್ಯಾನರ್ ಕಟ್ಟಿದ್ದರು. ಅವಳು ಮೊದಲು ಕಲ್ಲನ್ನು ಓದಿದಳು. ಓದಿ, ಕೆಮ್ಮು ಬಂದವಳ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಮರದ ಹತ್ತಿರ ಹೋಗಿ ತೊಗಟೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ತೊಗಟೆ ಮೆತ್ತಗೆ ಒಳಗೆ ಹೋಯಿತು. ಒಂದು ಎಲೆ ಕಿತ್ತು ತಿರುಗಿಸಿದಳು. ಹಣ್ಣಿನ ತಟ್ಟೆ ಹಿಡಿದು ಬಂದಿದ್ದ ಇಮ್ಸುನ್ ಪಕ್ಕದಲ್ಲೇ ನಿಂತಿದ್ದಳು.

"ತಾತ, ಇದು ಸಾಂಗ್ಸುರಿ ಅಲ್ಲ," ಎಂದಳು ಹುಡುಗಿ.

"ಅಲ್ಲ ಅಂದ್ರೆ?"

"ಇದು ಗುಲ್ಚಾಮ್. ಎರಡೂ ಅಣ್ಣ ತಮ್ಮ ಇದ್ದ ಹಾಗೆ. ಮೇಲಿಂದ ನೋಡಿದ್ರೆ ಯಾರಿಗಾದ್ರೂ ಮೋಸ ಆಗುತ್ತೆ. ಸಾಂಗ್ಸುರಿ ಎಲೆ ಹಿಂದ್ಗಡೆನೂ ಹಸಿರು. ಇದು ನೋಡಿ, ಹಿಟ್ಟು ಮೆತ್ತಿದ ಹಾಗೆ ಬೆಳ್ಳಗಿದೆ. ಇದರ ಹೆಸರು ಕ್ವೆರ್ಕಸ್ ವೇರಿಯಾಬಿಲಿಸ್."

ಬ್ಯೊಂಗ್ಟೆಯವರ ಮುಖ ಎಲೆಯ ಹಿಂಬದಿಗಿಂತ ಬೆಳ್ಳಗಾಯಿತು. "ಗುಲ್ಚಾಮ್! ಬೆಟ್ಟದ ಮೇಲೆ ಹುಲ್ಲಿಗೂ ಗತಿಯಿಲ್ಲದೋರು ತೊಗಟೆ ಸುಲಿದು ಮಾಡಿಗೆ ಹೊದಿಸ್ತಿದ್ರಲ್ಲ, ಆ ಮರವೇನಮ್ಮ?"

"ಅದೇ ತಾತ. ಬಹಳ ಒಳ್ಳೆ ಮರ. ಇದರ ಕಾಯಲ್ಲೂ ಮುಕ್ ಚೆನ್ನಾಗೇ ಆಗುತ್ತೆ."

"ಮುಕ್ ಚೆನ್ನಾಗಾಗೋದು ಮುಖ್ಯ ಅಲ್ಲಮ್ಮ!"

ವಯಸ್ಸು ಇನ್ನೂರರ ಆಸುಪಾಸು ಇರಬಹುದು, ರಾಜನ ಕಾಲದ್ದಂತೂ ಅಲ್ಲ ಎಂದು ಅವಳು ಸೇರಿಸಿದಳು. ಆ ಮಾತು ಬ್ಯೊಂಗ್ಟೆಯವರ ಕಿವಿಗೆ ಬೀಳಲಿಲ್ಲ. ಬೇಡದ ಮಾತಿಗೆ ಅವರ ಕಿವಿ ಮೊದಲಿನಿಂದಲೂ ಮಂದ.

ಇಮ್ಸುನ್‌ಗೆ ಆ ಹುಡುಗಿಯನ್ನು ತಬ್ಬಿಕೊಳ್ಳಬೇಕೆನಿಸಿತು. ಹೆಚ್ಚು ಹಣ್ಣು ಕೊಟ್ಟು ಸುಮ್ಮನಾದಳು. ಮರವೇ ರಾಜನದಲ್ಲ ಎಂದ ಮೇಲೆ ಮುಕ್ ಯಾಕೆ? ಮುಕ್ ಇಲ್ಲವೆಂದ ಮೇಲೆ ಸೊಸೆಯ ಕೈ ಯಾಕೆ? ಉಳಿದ ಅಡುಗೆಗೆ ಊರಿನ ಹೆಂಗಸರೆಲ್ಲ ಇದ್ದಾರೆ. ಹೀಗೆ ಲೆಕ್ಕ ಹಾಕಿಕೊಂಡೇ ಸಂಜೆ ಗಂಡನ ಎದುರು ಕೂತಳು. ಗಂಡ ಹೀಜುನ್ ಮನೆತನದ ಹಿರೀಮಗ, ಪೂಜೆಯಲ್ಲಿ ಮೊದಲ ಬಟ್ಟಲು ಎತ್ತುವವನು. ಬಟ್ಟಲು ಬಿಟ್ಟರೆ ಬೇರೇನನ್ನೂ ಎತ್ತಿದವನಲ್ಲ, ದನಿಯನ್ನೂ ಸಹ.

"ರೀ, ಈ ವರ್ಷ ಮುಕ್ ಇಲ್ಲ ತಾನೇ? ಅವ್ವನ ತೊಂಬತ್ತಕ್ಕೆ ನಾನು ಹೋಗ್ಬಿಡ್ಲಾ?"

"ಚಿಕ್ಕಪ್ಪನ್ನ ಒಂದ್ಮಾತು ಕೇಳೋಣ."

"ಹಿರೀಮಗ ನೀವೋ ಚಿಕ್ಕಪ್ಪನೋ?"

"ಹಿರೀಮಗ ಆಗಿದ್ದಕ್ಕೇ ಕೇಳ್ಬೇಕು ಕಣೇ."

ಸಭೆ ದೊಡ್ಡಮನೆಯಲ್ಲೇ ಸೇರಿತು. ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಹಿರಿಯರು ಸಾಲಾಗಿ ಕೂತರು. ಅಡುಗೆಮನೆಯಲ್ಲಿ ಇಮ್ಸುನ್ ಅಕ್ಕಿಹೆಂಡದ ಕೆಟಲು ಹಿಡಿದುಕೊಂಡೇ ಬಾಗಿಲಿಗೆ ಕಿವಿಯಿಟ್ಟಳು.

"ನಾನು ಆಗ್ಲೇ ಅನ್ಕೊಂಡಿದ್ದೆ," ಎಂದಿತು ಒಂದು ಮುದಿ ದನಿ. "ಹೋದ ವರ್ಷದ ಮುಕ್ಕಲ್ಲಿ ತೊಗಟೆ ವಾಸನೆ ಇತ್ತು."

"ಹೋದ ವರ್ಷ ಏನು, ನಂಗೆ ಅದಕ್ಕೂ ಮುಂಚಿಂದ ಅನುಮಾನ. ಹಳೇ ಮಾಡು ನೆಕ್ಕಿದ ಹಾಗಾಗ್ತಿತ್ತು," ಎಂದಿತು ಇನ್ನೊಂದು.

ಚೀನಾದಿಂದ ಬಂದ ಪುಡಿಯಲ್ಲಿ ದರೆಸಿಲ್‌ನ ಮಾಡಿನ ರುಚಿ ಕಂಡ ಆ ನಾಲಿಗೆಗಳಿಗೆ ಏನು ಹೇಳುವುದು! ಇಮ್ಸುನ್ ತುಟಿ ಕಚ್ಚಿಕೊಂಡು ನಗು ತಡೆದಳು. ಇನ್ನೇನು, ಮುಕ್ ನಿಂತಿತು ಎಂದುಕೊಂಡಳು.

ಬ್ಯೊಂಗ್ಟೆಯವರು ಗಂಟಲು ಸರಿಮಾಡಿಕೊಂಡರು. "ಮರ ತಪ್ಪಿರಬಹುದು. ಕಲ್ಲು ತಪ್ಪಿಲ್ಲ. ಕೆತ್ತಿಸಿ ಆಗಿದೆ. ಆದ್ದರಿಂದ ನನ್ನ ಸಲಹೆ. ಕಲ್ಲಿನ ಪಕ್ಕ ಒಂದು ನಿಜವಾದ ಸಾಂಗ್ಸುರಿ ಸಸಿ ನೆಡೋಣ. ಹುಣ್ಣಿಮೆ ದಿನ, ಪೂಜೆಗೆ ಮೊದಲು, ಹಿರೀಕರಿಗೆ ನಿವೇದನೆ ಮಾಡೋಣ. ಅಯ್ಯಾ ನಾವು ಇಷ್ಟು ತಲೆಮಾರು ತಪ್ಪು ಜಾತಿ ಮುಕ್ ಬಡಿಸಿದ್ದೀವಿ, ಹೊಟ್ಟೆಗೆ ಹಾಕ್ಕೊಳ್ಳಿ ಅಂತ. ನಿವೇದನೆ ನಾನು ಬರೀತೀನಿ. ಹಳೇ ಶೈಲಿಯಲ್ಲೇ, ಎರಡೂ ಶಾಸ್ತ್ರೀಯ ಹೆಸರು ಸೇರಿಸಿ."

"ಮುಕ್ ಯಾವುದು ಇಡೋದು?" ಎಂದು ಕೇಳಿದರು ಯಾರೋ.

"ಎರಡೂ. ಆಚೆ ಗುಡ್ಡದ ಸಾಂಗ್ಸುರಿ ಕಾಯಿ ತಂದು ಒಂದು. ನಮ್ಮ ಮರದ್ದೊಂದು. ಹಿರೀಕರಿಗೆ ಹಳೇದೇ ಅಭ್ಯಾಸ ಆಗಿದ್ರೆ? ಒಂದು ನಮ್ಮ ಮರ್ಯಾದೆಗೆ, ಒಂದು ಅವರ ನಾಲಿಗೆಗೆ. ಎರಡೂ ದೊಡ್ಡಮನೆ ಸೊಸೆ ಕೈಯಿಂದಲೇ ಆಗಲಿ."

ಎಲ್ಲರೂ ಹೌದು ಹೌದು ಎಂದರು. ಹೀಜುನ್‌ನ ಹೌದೂ ಅದರಲ್ಲಿತ್ತು. ದೊಡ್ಡ ದನಿಯೇನಲ್ಲ, ಆದರೆ ಇಮ್ಸುನ್‌ಗೆ ಆ ಗುಂಪಿನಲ್ಲಿ ಅದೊಂದೇ ಕೇಳಿಸಿತು.

ಇನ್ನೂ ಸ್ವಲ್ಪ ಸಾರು ಹಾಕಲೇ ಎಂಬುದನ್ನು ಬಿಟ್ಟರೆ ಆ ಕೋಣೆಯಲ್ಲಿ ಹೆಂಗಸರು ಬೇರೆ ಮಾತಾಡಿದ್ದಿಲ್ಲ. ಇಮ್ಸುನ್ ಕೆಟಲು ಹಿಡಿದು ಒಳಗೆ ಹೋದಳು, ಯಾರಿಗೂ ಬಗ್ಗಿಸಲಿಲ್ಲ, ನಿಂತೇ ಇದ್ದಳು.

"ಚಿಕ್ಕಮಾವ, ಒಂದು ಮಾತು. ನೀವು ಇಷ್ಟು ವರ್ಷ ತಿಂದಿದ್ದು ಸಾಂಗ್ಸುರಿನೂ ಅಲ್ಲ, ಗುಲ್ಚಾಮೂ ಅಲ್ಲ. ಸಂತೆ ಪುಡಿ. ಅತ್ತೆ ಹೋದಾಗಿನಿಂದ ಅದೇ ಮಾಡ್ತಿದ್ದೀನಿ. ಮರ ಕಾಯಿ ಬಿಟ್ರೆ ಅಳಿಲು ಬಿಡಲ್ಲ, ಅಳಿಲು ಬಿಟ್ರೆ ನನ್ನ ಮೊಣಕಾಲು ಬಿಡಲ್ಲ. ನಾನೇನು ಕದ್ದು ಮುಚ್ಚಿ ಮಾಡಿಲ್ಲ. ಪೊಟ್ಟಣ ಒಲೆ ಪಕ್ಕದಲ್ಲೇ ಇರ್ತಿತ್ತು. ನಿಮ್ಮಲ್ಲಿ ಒಬ್ರಾದ್ರೂ ಅಡುಗೆಮನೆಗೆ ಬಂದಿದ್ರೆ ಕಾಣಿಸ್ತಿತ್ತು. ಪುಡಿ ಮುಕ್ಕಿಗೆ ನಾನೇ ಬೇಕು ಅಂತಿಲ್ಲ. ನಾಡಿದ್ದು ನಮ್ಮವ್ವಂಗೆ ತೊಂಬತ್ತು. ನಾನು ಹೋಗ್ಬೇಕು."

ಬಾಯಿಗೆ ಬಂದ ಹಾಗೆ ಬೈಯುತ್ತಾರೆ ಎಂದು ಅವಳು ಎದೆ ಗಟ್ಟಿಮಾಡಿಕೊಂಡು ಕಾದಳು. ಯಾರೂ ಬೈಯಲಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗಷ್ಟೇ ತೊಗಟೆ ವಾಸನೆ ಹೇಳಿದವರು ಚಾವಣಿ ನೋಡಿದರು. ಕೊನೆಗೆ ಬ್ಯೊಂಗ್ಟೆಯವರು ಬಹಳ ಮೃದುವಾಗಿ, ಜ್ವರ ಬಂದ ಮಗುವಿಗೆ ಹೇಳುವ ಹಾಗೆ, "ದೊಡ್ಡಮನೆ ಸೊಸೆಗೆ ಸುಸ್ತಾಗಿದೆ," ಎಂದರು.

"ಹೌದು, ಪಾಪ, ಸುಸ್ತು," ಎಂದಿತು ಸಭೆ.

"ಸುಸ್ತಾದಾಗ ಆಡಿದ ಮಾತು ಮಾತಲ್ಲ. ನಾವ್ಯಾರೂ ಏನೂ ಕೇಳಿಲ್ಲ. ಹೋಗಮ್ಮ, ಮಲಗಿ ಏಳು. ಕಾಯಿ ನಾಳೆ ಬೆಳಿಗ್ಗೆ ತರಿಸ್ತೀನಿ."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳು, ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದ ನಿಜವನ್ನು ತಂದು ಮುಂದಿಟ್ಟರೆ, ನೊಣ ಓಡಿಸಿದ ಹಾಗೆ ಓಡಿಸಿಬಿಟ್ಟರಲ್ಲ! ಅವಳಿಗೆ ಮೈಯೆಲ್ಲ ಉರಿಯಿತು. ಹುಣ್ಣಿಮೆಗೆ ಒಂದು ದಿನವಿದ್ದಾಗ ಕಾಯಿ ತರಿಸುತ್ತಾರಂತೆ, ಅದರ ಒಗರು ಬಿಡಲು ಎಷ್ಟು ದಿನ ಬೇಕೆಂಬುದೂ ಆ ನೂರು ಗಂಡಸರಲ್ಲಿ ಒಬ್ಬನಿಗೂ ಗೊತ್ತಿಲ್ಲ. ಇವರಿಗಾಗಿ ತಾನು ಅವ್ವನ ಮುಖ ಬಿಟ್ಟು ಕೂತಿದ್ದೆ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಬೆಳಿಗ್ಗೆ ಕೋಟು ತೊಟ್ಟು, ಮುಕ್ ತಿರುವುವ ಮರದ ಸೌಟನ್ನು ಗಂಡನ ಕೈಗೆ ಕೊಟ್ಟಳು. "ಪುಡಿ ಒಲೆ ಪಕ್ಕದಲ್ಲೇ ಇದೆ. ಒಂದೇ ದಿಕ್ಕಿಗೆ ತಿರುವಿ. ಫೋನು ನೋಡ್ತಾ ನಿಂತ್ರೆ ತಳ ಹಿಡಿಯುತ್ತೆ."

ಹೀಜುನ್ ಸೌಟನ್ನು ಪೂಜೆಯ ಬಟ್ಟಲಿನ ಹಾಗೆ ಎರಡು ಕೈಯಲ್ಲಿ ಹಿಡಿದು ನಿಂತ. "ಚಿಕ್ಕಪ್ಪ ಕೇಳಿದ್ರೆ ಏನು ಹೇಳ್ಲಿ?"

"ಸುಸ್ತಾಗಿದೆ ಅನ್ನಿ. ಅವರೇ ಕಂಡುಹಿಡಿದದ್ದು."

ಹುಣ್ಣಿಮೆಯ ಮಧ್ಯಾಹ್ನ ಅವಳು ತಮ್ಮನ ಮನೆಯಲ್ಲಿ ಅವ್ವನ ಪಕ್ಕ ಕೂತು ಹುಟ್ಟುಹಬ್ಬದ ಕಡಲಪಾಚಿ ಸಾರು ಕುಡಿಯುತ್ತಿದ್ದಳು. ಅವ್ವ ಮುದುಡಿ ಒಂದು ಹಿಡಿಯಾಗಿದ್ದಳು. ಮಗಳು ಬಂದದ್ದಕ್ಕೆ ಅಳಲಿಲ್ಲ. ಬಂದ ಗಳಿಗೆಯಿಂದ, ಮಗು ಸೆರಗು ಹಿಡಿಯುವ ಹಾಗೆ, ಅವಳ ಬಲತೋಳು ಹಿಡಿದುಕೊಂಡೇ ಇದ್ದಳು, ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಇಮ್ಸುನ್‌ಗೆ ಎಡಗೈಯಲ್ಲೇ ಉಣ್ಣಬೇಕಾಯಿತು.

ಅಷ್ಟರಲ್ಲಿ ಹೀಜುನ್‌ನ ಫೋನು. ಪೂಜೆ ಮುಗಿಯಿತಂತೆ. ಇವನು ತಿರುವಿದ ಮುಕ್ ಗೋಂದಾಗಿ ಪಾತ್ರೆ ಸಮೇತ ಹಿತ್ತಲು ಸೇರಿತಂತೆ. ನಿವೇದನೆ ಓದುವಾಗ ಚಿಕ್ಕಪ್ಪ ಅಕ್ಯುಟಿಸಿಮದ ತನಕ ಗಂಭೀರವಾಗಿಯೇ ಬಂದು, ವೇರಿಯಾಬಿಲಿಸ್‌ಗೆ ಬರುವಾಗ ಹಲ್ಲಿನ ಸೆಟ್ಟು ಸಮಾಧಿಯ ಮುಂದಿನ ಹುಲ್ಲಿಗೆ ಬಿತ್ತಂತೆ.

"ಮತ್ತೆ ಮುಕ್ ಇಡ್ಲೇ ಇಲ್ವಾ?" ಎಂದು ಕೇಳಿದಳು ಇಮ್ಸುನ್.

"ಅಂಗಡಿಯಿಂದ ಎರಡು ಡಬ್ಬಿ ತಂದ್ವಿ. ಒಂದೇ ಥರದ್ದು. ಒಂದು ಎಡಕ್ಕೆ, ಒಂದು ಬಲಕ್ಕೆ ಇಟ್ವಿ. ಚಿಕ್ಕಪ್ಪ ಎರಡರ ರುಚೀನೂ ನೋಡಿ, 'ನೋಡಿ, ಗೊತ್ತಾಗುತ್ತೆ, ರಾಜನದು ರಾಜನದೇ' ಅಂದ್ರು." ಆಮೇಲೆ ಹೀಜುನ್ ಕೇಳಿದ, "ಯಾವಾಗ ಬರ್ತೀಯೇ?"

"ಸುಸ್ತು ಹೋದ ಮೇಲೆ," ಎಂದು ಫೋನಿಟ್ಟಳು. ತಮ್ಮನ ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಅವ್ವ ನಗಲಿಲ್ಲ. ತೋಳು ಎಳೆದು ಕೇಳಿದಳು, "ಅದೇನೇ ಅದು, ಮುಕ್ಕು? ನಿನ್ನ ಕೈಯಿಂದಲೇ ಆಗ್ಬೇಕು ಅಂತಿದ್ರಲ್ಲ, ಅದೇನಾ? ನಾನು ಒಂದಿನವೂ ತಿಂದಿಲ್ವಲ್ಲ."

ತಿಂದಿರಲಿಲ್ಲ. ಪೂಜೆಯ ಪ್ರಸಾದ ಪ್ಯೊ ಮನೆಗಳಿಗೆ ಮಾತ್ರ ಹಂಚುವಂಥದ್ದು. ಸೊಸೆಯ ತವರಿಗೆ ಹೋಗುವಂತಿಲ್ಲ. ಈ ಕರಾವಳಿಯ ಮನೆಯಲ್ಲಿ ಮೀನಿರುವಾಗ ಓಕ್ ಕಾಯಿ ಯಾರಿಗೆ ಬೇಕು? ಇಮ್ಸುನ್ ಎದ್ದಳು. ತಮ್ಮನ ಹೆಂಡತಿ ಬೀದಿ ತುದಿಯ ಅಂಗಡಿಯಿಂದ ಪುಡಿ ತಂದುಕೊಟ್ಟಳು. ಅಪರಿಚಿತ ಒಲೆ, ತೆಳ್ಳನೆಯ ಪಾತ್ರೆ. ಒಂದೇ ದಿಕ್ಕಿಗೆ ತಿರುವಿದಳು, ಹಿಂದೆ ಯಾರೂ ಕೆಮ್ಮಲಿಲ್ಲ. ಕೊತಕೊತ ಕುದಿದು ದಪ್ಪಗಾದ ಮೇಲೆ ಉಪ್ಪು, ಎಳ್ಳೆಣ್ಣೆ ಹಾಕಿ ತಟ್ಟೆಗೆ ಸುರಿದು, ತಣ್ಣಗೆ ಗಟ್ಟಿಯಾಗುವ ತನಕ ಅವ್ವನ ಕಾಲು ಒತ್ತುತ್ತ ಕೂತಳು. ಇಷ್ಟು ಚೆನ್ನಾಗಿ ಅವಳ ಕೈಯಲ್ಲಿ ಯಾವತ್ತೂ ಬಂದಿರಲಿಲ್ಲ.

ಒಂದು ತುಂಡು ಕುಯ್ದು, ಸೋಯಾ ಸಾಸಿನಲ್ಲಿ ಅದ್ದಿ, ತಾನೇ ಅವ್ವನ ಬಾಯಿಗಿಟ್ಟಳು. ಅವ್ವನಿಗೆ ಹಲ್ಲಿಲ್ಲ. ಒಸಡಿನಲ್ಲೇ ಆ ಕಡೆ ಈ ಕಡೆ ಹೊರಳಿಸಿ ಬಹಳ ಹೊತ್ತು ಚೀಪಿದಳು. ನುಂಗಿದಳು. ಇನ್ನೇನೋ ಬರಬೇಕು ಎಂಬಂತೆ ಕಾದಳು. ಏನೂ ಬರಲಿಲ್ಲ. ತಟ್ಟೆಯಲ್ಲಿ ಅಲುಗುತ್ತಿದ್ದ ಉಳಿದದ್ದನ್ನು ನೋಡಿದಳು, ಮಗಳ ಹಣ್ಣುಕೂದಲನ್ನು ನೋಡಿದಳು.

"ಇಷ್ಟೇನಾ?" ಎಂದಳು.

"ಇಷ್ಟೇ ಅವ್ವಾ."

"ಇದಕ್ಕಾ ನಿನ್ನ ಅವರು ಕಳಿಸ್ತಿರಲಿಲ್ಲ?"